ಮೆಟ್ಟು ಬಿಟ್ಟು ಇಳಿದ ಗಗನಯಾತ್ರಿ

ನಾನು ಹನ್ನೊಂದು ಗ್ರಹಗಳನ್ನು ನೋಡಿದ್ದೇನೆ. ಅವುಗಳಲ್ಲಿ ಒಂಬತ್ತು ರಾಯದುರ್ಗಕ್ಕೂ ಮಡಕಶಿರಾಕ್ಕೂ ನಡುವೆ ಇವೆ. ಉಳಿದೆರಡು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿದ್ದವು. ಥರ್ಮಾಕೋಲಿನವು. ಅವನ್ನು ಇಲಿಗಳು ತಿಂದು ಹಾಕಿದವು.

ಈಚೆಗೆ ಟೀವಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಆಂಧ್ರದ ಅಂಚಿನ ರಾಯದುರ್ಗದ ನಮ್ಮ ಮನೆಗೆ ಬಂದಿದ್ದರು. ನಾನು ನಿರ್ದೇಶಿಸಿದ ‘ಆಚೆಯೂರು’ ಎಂಬ ವೈಜ್ಞಾನಿಕ ಧಾರಾವಾಹಿಯನ್ನು ಶಾಲೆಗೆ ಹೋಗುವಾಗ ನೋಡಿದ್ದರಂತೆ. ಭೂಮಿ ಸಾಲದಾಗಿ ಇನ್ನೊಂದು ಮನೆ ಹುಡುಕುತ್ತ ಆಕಾಶದಲ್ಲಿ ಅಲೆಯುವ ಎಂಟು ಜನರ ಕಥೆ ಅದು. ಇಬ್ಬರಲ್ಲಿ ಕನ್ನಡಕದ ಹುಡುಗಿ ಕೇಳಿದಳು: “ಗಗನಯಾತ್ರಿ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹೊಸ ಗ್ರಹಕ್ಕೆ ಇಳೀತಾನಲ್ಲ ಮೇಡಂ, ಆ ಐಡಿಯಾ ನಿಮಗೆ ಹೇಗೆ ಹೊಳೀತು?” ನಾನು ನಕ್ಕು ಅವಳ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ. ಹೊಳೆದದ್ದು ನನಗಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹನ್ನೆರಡು ವರ್ಷಗಳಿಂದ ಬಂದಿಲ್ಲ.

ಆ ಹುಡುಗಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು, ಫಲಕ ಎಲ್ಲ ಅಟ್ಟದ ಮೇಲಿವೆ, ಅಲ್ಲೇ ಇರಲಿ. ಮಡಕಶಿರಾ ಕಡೆಯ ಅಗಳಿ ಊರಿನ ನರಸಿಂಹಪ್ಪ ಎಂಬವರಿಗೆ ನಾನೊಂದು ಮಾತು ಕೊಟ್ಟಿದ್ದೆ, ಅವರ ಮುಖವನ್ನು ಒಮ್ಮೆ ಟೀವಿಯಲ್ಲಿ ತೋರಿಸುತ್ತೇನೆ ಎಂದು. ಆ ಮಾತಿನ ಗತಿ ಏನಾಯಿತು ಎಂದು ಹೇಳದೆ ಈ ಕೆಲಸದ ಬಗ್ಗೆ ನಾನು ಏನು ಹೇಳಿದರೂ ಅರ್ಧ ಸುಳ್ಳಾಗುತ್ತದೆ.

ಮೊದಲು ಗ್ರಹ ಮಾಡುವುದು ಹೇಗೆ ಎಂದು ಹೇಳಿಬಿಡುತ್ತೇನೆ. ಈಗಿನವರು ಹಸಿರು ಬಟ್ಟೆಯ ಮುಂದೆ ನಟನನ್ನು ನಿಲ್ಲಿಸಿ, ಹಿಂದೆ ಬೇಕಾದ ಬೆಟ್ಟ, ಬೇಕಾದ ಚಂದ್ರನನ್ನು ಕಂಪ್ಯೂಟರಿನಿಂದ ತುಂಬುತ್ತಾರೆ. ನಮ್ಮ ಕಾಲದಲ್ಲೂ ಅದು ಇರಲಿಲ್ಲವೆಂದಲ್ಲ, ನಮ್ಮ ವಾಹಿನಿಗೆ ಇರಲಿಲ್ಲ. ನಮಗಿದ್ದದ್ದು ಒಂದು ಕ್ಯಾಮೆರಾ, ಕ್ಯಾಮೆರಾಮನ್ ಮಸ್ತಾನ್, ಮತ್ತು ನನ್ನದೊಂದು ತಿಳಿನೀಲಿ ಸೀರೆ. ಚಿತ್ರೀಕರಣಕ್ಕೆ ಮುಂಚೆ ಕ್ಯಾಮೆರಾಕ್ಕೆ ಒಂದು ಬಿಳಿ ಕಾಗದ ತೋರಿಸಿ, ಬಿಳಿ ಎಂದರೆ ಇದು ಎಂದು ತಿಳಿಸಬೇಕು. ನಾವು ಕಾಗದದ ಬದಲು ನನ್ನ ಸೆರಗು ತೋರಿಸುತ್ತಿದ್ದೆವು. ಕ್ಯಾಮೆರಾ ಪಾಪ, ನಂಬುತ್ತಿತ್ತು. ನೀಲಿಯನ್ನೇ ಬಿಳಿಯೆಂದುಕೊಂಡು ಉಳಿದ ಜಗತ್ತನ್ನೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿಸಿಬಿಡುತ್ತಿತ್ತು. ರಾಯದುರ್ಗದ ಬೆಟ್ಟದ ಬಂಡೆಗಳು ಕೆಂಡದ ಹಾಗೆ ಹೊಳೆಯುತ್ತಿದ್ದವು, ಬೆಳುಗುಪ್ಪದ ಕಡೆಯ ಉಳುಮೆಯಾದ ಹೊಲಗಳು ಒಣಗಿದ ಸಮುದ್ರದಂತೆ ಕಾಣುತ್ತಿದ್ದವು. ಅಗಳಿ ಬಳಿಯ ರತ್ನಗಿರಿಯ ಕೋಟೆಯ ಗೋಡೆ ಯಾರೋ ಕಟ್ಟಿ ಬಿಟ್ಟುಹೋದ ಬೇರೊಂದು ನಾಗರಿಕತೆಯಾಗುತ್ತಿತ್ತು.

ಈ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ. ಬೆಳಗ್ಗೆ ಹಾಲು ತರಲು ಹೋದಾಗ ಬೆಟ್ಟದ ಮೇಲೆ ಬಿಸಿಲು ಬಿದ್ದರೆ, ಅರೆ, ಇದು ನಾಲ್ಕನೆಯ ಗ್ರಹ, ಇಲ್ಲಿ ಗಾಳಿ ಇಲ್ಲ ಎಂದು ಒಂದು ಗಳಿಗೆ ಉಸಿರು ಹಿಡಿಯುತ್ತೇನೆ. ಆಮೇಲೆ ಯಾರಾದರೂ ತೆಲುಗಿನಲ್ಲಿ “ಏಂ ಗಿರಿಜಮ್ಮಾ, ಬಾಗುನ್ನಾರಾ?” ಎಂದು ಯೋಗಕ್ಷೇಮ ಕೇಳಿದ ಮೇಲೆ ಉಸಿರು ಬಿಡುತ್ತೇನೆ. ಯಾವುದು ಕಂತಿನಲ್ಲಿ ನಡೆದದ್ದು, ಯಾವುದು ನನಗೆ ನಡೆದದ್ದು ಎಂದು ಕೆಲವೊಮ್ಮೆ ನಿಜಕ್ಕೂ ಗೊತ್ತಾಗುವುದಿಲ್ಲ.

ಗಗನಯಾತ್ರಿಗಳ ಉಡುಪಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ಮಿರುಗುವ ಬೆಳ್ಳಿಬಣ್ಣದ ಬಟ್ಟೆಯ ಒಂದೇ ಒಂದು ಥಾನು ನಮಗೆ ಸಿಕ್ಕಿತ್ತು. ಹೊಲಿಸಲು ಬೆಂಗಳೂರಿನಲ್ಲಿ ಕೊಡಿ ಎಂದರು. ನಾನು ರಾಯದುರ್ಗದವಳು, ಬಟ್ಟೆ ಅಂಗಡಿಯವರ ಮಗಳು. ಊರಲ್ಲಿ ಬೀದಿಬೀದಿಗೆ ಜೀನ್ಸ್ ಹೊಲಿಯುವ ಮಷೀನುಗಳು ಗರಗರ ಎನ್ನುವಾಗ ಬೇರೆಯವರಿಗೆ ಯಾಕೆ ಕೊಡಲಿ? ಜೀನ್ಸ್ ಯೂನಿಟ್ ಇಟ್ಟಿದ್ದ ಬಸಣ್ಣನ ಕೈಗೆ ಥಾನನ್ನೂ, ಎಂಟು ನಟರ ಎಂಟು ಅಳತೆ ಬರೆದ ಚೀಟಿಯನ್ನೂ ಕೊಟ್ಟು ಬಂದೆ.

ಎಂಟು ದಿನ ಬಿಟ್ಟು ಹೋದರೆ ಎಂಟು ಉಡುಪುಗಳನ್ನು ಮಡಿಸಿಟ್ಟಿದ್ದರು. ಎಲ್ಲವೂ ಒಂದೇ ಅಳತೆ. ಮೂವತ್ತೆರಡು ಸೊಂಟ.

“ಬಸಣ್ಣ, ಚೀಟಿ ಕೊಟ್ಟಿದ್ದೆನಲ್ಲ?”

“ಐತ್ರಿ ಚೀಟಿ. ನೋಡೀನ್ರಿ. ಆದ್ರ ನಮ್ಮದು ಪದರಾ ಹಾಕಿ ಒಂದ ಸಲ ಕತ್ತರ್ಸೋ ಕೆಲಸ್ರಿ ಅಕ್ಕಾರ. ಎಂಟು ಮಂದಿಗೆ ಎಂಟು ಅಳತಿ ಅಂದ್ರ ಮಷೀನು ನಗತೈತ್ರಿ.”

ಅಷ್ಟೇ ಅಲ್ಲ. ಪ್ರತಿಯೊಂದು ಉಡುಪಿಗೂ ಹಿಂದೆ ಎರಡು ಜೇಬು, ಜೇಬಿಗೆ ಕಿತ್ತಳೆ ದಾರದ ಜೋಡಿ ಹೊಲಿಗೆ, ಮೂಲೆಗೆ ತಾಮ್ರದ ಗುಂಡಿ. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

“ಜೇಬು ಯಾಕ್ರಿ ಬ್ಯಾಡ?” ಬಸಣ್ಣನಿಗೆ ನಿಜವಾಗಿಯೂ ಬೇಸರವಾಗಿತ್ತು. “ಅಷ್ಟು ದೂರ ಹೋಗೋ ಮನುಷ್ಯಾ, ಒಂದು ಕರ್ಚೀಪು ಇಟ್ಕೊಳ್ಳಾಕರ ಜಾಗ ಬ್ಯಾಡೇನ್ರಿ?”

ಬಟ್ಟೆ ಮುಗಿದಿತ್ತು. ಜಗಳವಾಡಿ ಪ್ರಯೋಜನವಿರಲಿಲ್ಲ. ಏಳು ಜನ ಹೇಗೋ ಹೊಟ್ಟೆ ಎಳೆದುಕೊಂಡು ತೂರಿಕೊಂಡರು. ನಮ್ಮ ನಾಯಕನಟನಿಗೆ ಮಾತ್ರ ಅದು ಮಂಡಿಯಿಂದ ಮೇಲೆ ಏರಲಿಲ್ಲ. ಒಳ್ಳೆಯ ನಟ, ಒಳ್ಳೆಯ ಊಟ. ಕೊನೆಗೆ, ನೌಕೆಯ ಒಳಗೆ ಮಾಮೂಲಿ ಬಟ್ಟೆಯಲ್ಲಿ ಅವನೇ ನಟಿಸುವುದು, ಉಡುಪು ತೊಟ್ಟು ಹೊರಗೆ ಓಡಾಡುವ ದೃಶ್ಯಗಳಿಗೆ ಮೂವತ್ತೆರಡು ಸೊಂಟದ ಇನ್ನೊಬ್ಬನನ್ನು ಹುಡುಕುವುದು ಎಂದು ತೀರ್ಮಾನವಾಯಿತು. ತಲೆಗೆ ಹೇಗೂ ಕಪ್ಪು ಗಾಜಿನ ಹೆಲ್ಮೆಟ್ಟು, ಮುಖ ಕಾಣುವುದಿಲ್ಲ.

ಹಾಗೆ ನಮಗೆ ಸಿಕ್ಕವರು ಅಗಳಿಯ ನರಸಿಂಹಪ್ಪ. ಆಗ ಅವರಿಗೆ ಐವತ್ತೆಂಟು. ಹೊಲದ ಕೆಲಸ ಮಾಡಿ ಮಾಡಿ ಕಡ್ಡಿಯಂತಿದ್ದರು. ಉಡುಪು ಅವರಿಗೆಂದೇ ಹೊಲಿದ ಹಾಗೆ ಕೂತಿತು. ಪೌರಾಣಿಕ ನಾಟಕಗಳಲ್ಲಿ ನಲವತ್ತು ವರ್ಷ ವೇಷ ಹಾಕಿದವರು ಅವರು. ಆದರೆ ಒಂದು ವಿಚಿತ್ರವೆಂದರೆ ಯಾವತ್ತೂ ರಾಜನೋ ಮಂತ್ರಿಯೋ ಆದವರಲ್ಲ. ಚೆನ್ನಾಗಿ ನೆಗೆಯುತ್ತಾರೆ ಎಂದು ಅವರಿಗೆ ಬರುತ್ತಿದ್ದದ್ದು ಕರಡಿ, ಹದ್ದು, ಕೋತಿ. ಎಲ್ಲದಕ್ಕೂ ಮುಖವಾಡ. ಈಗ ಹೆಲ್ಮೆಟ್ಟು.

ಮೂರನೆಯ ದಿನ ಊಟದ ಹೊತ್ತಿಗೆ ಅವರು ನನ್ನ ಹತ್ತಿರ ಬಂದು, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತರು.

“ಮೇಡಮ್ಮೋರೇ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡಿ. ಈ ಕತೇಲಿ ಒಂದ್ ಕಿತವಾದ್ರೂ ನನ್ ಮುಖ ಕಾಣ್ತೈತಾ?”

“ಯಾಕೆ ನರಸಿಂಹಪ್ಪನವರೇ?”

“ನಮ್ಮನೆಯವ್ಳು ಲಕ್ಕಮ್ಮ ಅವ್ಳಲ್ಲ, ನಲವತ್ತು ವರ್ಸದಿಂದ ಅಂಗಿಸ್ತಾಳೆ. ‘ಎಲ್ರ ಗಂಡಂದ್ರೂ ಕಿರೀಟ ಇಟ್ಕಂಡು ಬತ್ತಾರೆ, ನನ್ ಗಂಡ ಯಾವುದು ಅಂತ ಬಾಲ ನೋಡಿ ಗುರ್ತು ಹಿಡೀಬೇಕು’ ಅಂತಾಳೆ. ಒಂದೇ ಒಂದ್ಸಲ ಅವ್ಳು ನನ್ ಮುಖ ನೋಡ್ಲಿ, ಸಾಕು.”

ನಾನು ಆಗ ದೊಡ್ಡ ಮನಸ್ಸಿನವಳಾಗಿದ್ದೆ. ಬೇರೆಯವರ ಕೈಯಲ್ಲಿರುವುದನ್ನು ಕೊಡುವಾಗ ಎಲ್ಲರದೂ ದೊಡ್ಡ ಮನಸ್ಸೇ. “ಕೊನೆಯ ಕಂತಿನಲ್ಲಿ ಹೆಲ್ಮೆಟ್ಟು ತೆಗೆಯುವ ದೃಶ್ಯ ಇದೆ. ಅದು ನಿಮ್ಮದು. ನನ್ನ ಮಾತು” ಎಂದೆ. ಅವರು ಹೆಲ್ಮೆಟ್ಟಿನ ಗಾಜನ್ನು ತೋಳಿನಿಂದ ಒರೆಸುತ್ತ ಎದ್ದುಹೋದರು. ಹುಡುಗಿಯರೇ, ಸಂಕಲನ ಮುಗಿಯುವ ತನಕ ಯಾವ ದೃಶ್ಯವನ್ನೂ ಯಾರಿಗೂ ಕೊಡಬೇಡಿ. ಅದು ನಿಮ್ಮದಾಗಿರುವುದಿಲ್ಲ.

ನಮ್ಮ ಕಾರ್ಯಕ್ರಮ ಮುಖ್ಯಸ್ಥರ ಬಗ್ಗೆಯೂ ಹೇಳಬೇಕು. ಅವರನ್ನು ಖಳನಾಯಕ ಮಾಡುವ ಆಸೆ ನನಗಿಲ್ಲ. ನನಗೆ ಕೆಲಸ ಕಲಿಸಿದವರು. ಪ್ರತಿ ಕಂತನ್ನೂ ಅವರು ಸದ್ದು ಪೂರ್ತಿ ಬಂದ್ ಮಾಡಿ ನೋಡುತ್ತಿದ್ದರು. “ಮಾತಿಲ್ಲದೆ ಅರ್ಥವಾದರೆ ಪಾಸು, ಗಿರಿಜಾ” ಎನ್ನುತ್ತಿದ್ದರು. ಒಮ್ಮೆ ನಾನು ಮೂರು ಪುಟ ಸಂಭಾಷಣೆಯಲ್ಲಿ ನಕ್ಷತ್ರದ ಸಾವನ್ನು ವಿವರಿಸಿದ್ದೆ. ಅವರು ಸದ್ದಿಲ್ಲದೆ ನೋಡಿ, “ಇವರು ಮನೆ ಬಾಡಿಗೆ ವಿಷಯಕ್ಕೆ ಜಗಳ ಮಾಡ್ತಿದಾರಾ?” ಎಂದು ಕೇಳಿದರು. ಅವತ್ತಿನಿಂದ ನನ್ನ ಪಾತ್ರಗಳು ಮಾತು ಕಡಿಮೆ ಮಾಡಿದವು. ಮಸ್ತಾನ್ ಸುಮ್ಮನೆ ಆಕಾಶವನ್ನು, ಬಂಡೆಯ ಮೇಲೆ ಸರಿಯುವ ಮೋಡದ ನೆರಳನ್ನು ಹಿಡಿಯತೊಡಗಿದ. ‘ಆಚೆಯೂರು’ ನಿದ್ದೆಯಲ್ಲಿ ನಡೆಯುವವರ ಧಾರಾವಾಹಿಯಂತಿತ್ತು ಎಂದು ಈಗಲೂ ಕೆಲವರು ಹೇಳುತ್ತಾರೆ. ಅದಕ್ಕೆ ಕಾರಣ ಮುಖ್ಯಸ್ಥರು.

ಇನ್ನು ಆ ದಿನ. ಕೊನೆಯ ಕಂತಿನಲ್ಲಿ ನೌಕೆ ಹೊಸ ಗ್ರಹಕ್ಕೆ ಇಳಿಯಬೇಕು, ನಾಯಕ ಮೊದಲ ಹೆಜ್ಜೆ ಇಡಬೇಕು. ಜಾಗ ಹುಡುಕಿ ಹುಡುಕಿ ಅಗಳಿಯ ಹತ್ತಿರ ಒಂದು ಹಾಸುಬಂಡೆಗೆ ಬಂದೆವು. ಒಂದು ಮರವಿಲ್ಲ, ಒಂದು ತಂತಿಕಂಬವಿಲ್ಲ, ಎರಡು ಎಕರೆಯಷ್ಟು ಬರಿಯ ಕಲ್ಲು ಆಕಾಶಕ್ಕೆ ಮೈಯೊಡ್ಡಿ ಮಲಗಿತ್ತು. ಪಕ್ಕದ ಹೊಲದ ರೈತರು ನಾಲ್ಕೈದು ಜನ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಚಿತ್ರೀಕರಣಕ್ಕೆ ಕೇಳಿದಾಗ ಮಾಡ್ಕೊಳ್ಳಿ ಎಂದರು, ಆದರೆ ಬಂಡೆಯ ಮೇಲೆ ಬರಲಿಲ್ಲ. ನಮ್ಮ ತಂಡ ಬೂಟು ಚಪ್ಪಲಿ ಹಾಕಿಕೊಂಡು ಬಂಡೆಯ ಉದ್ದಗಲ ಓಡಾಡಿತು. ನಾನೂ ಓಡಾಡಿದೆ.

ನೌಕೆಯೆಂದರೆ ಕಬ್ಬಿಣದ ಚೌಕಟ್ಟಿಗೆ ಹೊಡೆದ ಬೆಳ್ಳಿಯ ಹಾಳೆ. ಇಳಿಯುವ ಮೆಟ್ಟಿಲಹಲಗೆ ತೆಳು ಪ್ಲೈವುಡ್ಡಿನದು, ಮೇಲೆ ಥರ್ಮಾಕೋಲು. ಒಬ್ಬ ಮನುಷ್ಯ ಮೆಲ್ಲಗೆ ನಡೆದು ಬಂದರೆ ತಡೆಯುತ್ತದೆ ಎಂದು ಕಟ್ಟಿದವನು ಹೇಳಿದ್ದ. ಹೊಗೆ ಬಿಟ್ಟೆವು. ಮಸ್ತಾನ್ ನನ್ನ ಸೆರಗು ನೋಡಿಕೊಂಡು ಕ್ಯಾಮೆರಾ ಸರಿಮಾಡಿದ. ಜಗತ್ತು ಕಿತ್ತಳೆಯಾಯಿತು. ನಾನು “ಆ್ಯಕ್ಷನ್” ಎಂದೆ.

ಹೊಗೆ ದಟ್ಟವಾಗಿತ್ತು. ಬಾಗಿಲಲ್ಲಿ ಬೆಳ್ಳಿಯ ಆಕೃತಿ ಕಂಡಿತು, ಹಲಗೆಯ ಮೇಲೆ ನಡೆದು ಬಂತು, ಕೊನೆಯಲ್ಲಿ ನಿಂತಿತು. ಆಮೇಲೆ ಹೊಗೆಯಲ್ಲಿ ಕುಸಿದ ಹಾಗಾಯಿತು. ಲಟ್ಟೆಂದು ಸದ್ದು. ನಾನು ಎದ್ದು ನಿಂತೆ. ಮಸ್ತಾನ್ ಮಾತ್ರ ಕ್ಯಾಮೆರಾ ನಿಲ್ಲಿಸಲಿಲ್ಲ. ಗಾಳಿ ಬೀಸಿ ಹೊಗೆ ಸರಿದಾಗ ಕಂಡದ್ದು ಇಷ್ಟು: ಮುರಿದ ಹಲಗೆಯ ತುದಿಯಲ್ಲಿ ಬೆಳ್ಳಿ ಬಣ್ಣದ ಎರಡು ಗಮ್‌ಬೂಟುಗಳು ಜೋಡಿಸಿಟ್ಟಂತೆ ನಿಂತಿವೆ. ಗಗನಯಾತ್ರಿ ಬರಿಗಾಲಲ್ಲಿ ಬಂಡೆಯ ಮೇಲೆ ನಿಂತಿದ್ದಾನೆ. ಕಪ್ಪು, ಒಡೆದ ಹಿಮ್ಮಡಿಯ, ದೊಡ್ಡ ಪಾದಗಳು. ಎಡಗಾಲಿನ ಕಿರುಬೆರಳು ಯಾವತ್ತೋ ಕಲ್ಲು ಬಿದ್ದು ಸೊಟ್ಟಗಾಗಿದೆ.

“ಕಟ್!” ನಾನು ಕಿರುಚಿದ್ದು ರತ್ನಗಿರಿಗೂ ಕೇಳಿರಬೇಕು. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. “ಬೂಟು ಯಾಕೆ ಬಿಚ್ಚಿದಿರಿ?”

ಅವರು ಹೆಲ್ಮೆಟ್ಟು ತೆಗೆದು ಗಾಬರಿಯಿಂದ ನೋಡಿದರು. ಅವರಿಗೆ ತಾವು ಬಿಚ್ಚಿದ್ದೇ ಗೊತ್ತಿರಲಿಲ್ಲ. ನಮಗೆ ಕಣ್ಣು ಮಿಟುಕಿಸಿದ್ದು ಗೊತ್ತಾಗುವುದಿಲ್ಲವಲ್ಲ, ಹಾಗೆ. ಆಮೇಲೆ ಕೆಳಗೆ ನೋಡಿಕೊಂಡು ಮೆಲ್ಲಗೆ ಹೇಳಿದರು: “ಇದು ಕಣ ಅಲ್ವೇನಮ್ಮ? ರಾಗಿ ಒಕ್ಕೋ ಜಾಗ. ಮೆಟ್ಟು ಹಾಕ್ಕಂಡು ಎಂಗ್ ತುಳೀಲಿ?”

“ಇಲ್ಲಿ ಈಗ ರಾಗಿ ಇಲ್ಲ ನರಸಿಂಹಪ್ಪನವರೇ. ಇದು ಬೇರೆ ಗ್ರಹ!”

“ಬ್ಯಾರೆ ಗ್ರಹ ಆದ್ರೇನಮ್ಮ? ಅಲ್ಲೂ ಯಾರಾದ್ರೂ ಒಕ್ಕಣೆ ಮಾಡ್ತಿರ್ತಾರೆ ಬುಡಿ.”

ನಾನು ಬದುವಿನ ಕಡೆ ನೋಡಿದೆ. ಅಲ್ಲಿ ನಿಂತಿದ್ದ ರೈತರೆಲ್ಲ ಚಪ್ಪಲಿ ಬದುವಿನಾಚೆ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು. ಬೆಳಗ್ಗಿನಿಂದ ನಾವು ಅವರ ಅನ್ನದ ಜಾಗವನ್ನು ಬೂಟುಗಾಲಲ್ಲಿ ತುಳಿದಾಡುವುದನ್ನು ನೋಡುತ್ತ, ಪೇಟೆಯವರಿಗೆ ಏನು ಹೇಳುವುದು ಎಂದು ಸುಮ್ಮನಿದ್ದರು. ಅಂಗಡಿಯವರ ಮಗಳಿಗೆ ಕಣ ಯಾವುದು, ಬಂಡೆ ಯಾವುದು ತಿಳಿದಿರಲಿಲ್ಲ. ನನಗೆ ನಾಚಿಕೆಯಾಯಿತು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಕಲ್ಲು ಸುಡುತ್ತಿತ್ತು.

ಹಲಗೆ ಎರಡು ತುಂಡಾಗಿತ್ತು. ಬೂಟು ಬಿಚ್ಚಲು ಅವರು ಅದರ ಮೇಲೆ ಕೂತಿದ್ದರು. ಇನ್ನೊಂದು ಟೇಕ್ ತೆಗೆಯುವ ದಾರಿಯೇ ಇರಲಿಲ್ಲ. ನಮಗೆ ವಿಜ್ಞಾನದ ಸಲಹೆಗಾರರಾಗಿದ್ದ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದ್ದ ವಿರೂಪಾಕ್ಷಿ ಮೇಷ್ಟ್ರು ಕೊಡೆಯ ಕೆಳಗಿನಿಂದ ಎದ್ದು ಬಂದರು.

“ಬರೀ ಕಾಲಾಗ ಇಳದ್ರ ಮನುಷ್ಯಾ ಸಾಯ್ತಾನ್ರಿ ಗಿರಿಜಮ್ಮ. ಒತ್ತಡ, ಉಷ್ಣಾಂಶ, ಏನೇನ ಐತೋ.”

“ಗಾಳಿ, ಉಷ್ಣ ಎಲ್ಲ ನೌಕೆಯ ಒಳಗೇ ಅಳೆದು ನೋಡಿದ್ದಾರೆ ಎನ್ನೋಣ ಮೇಷ್ಟ್ರೇ. ಹಾಗಾದರೆ ಆಗುತ್ತದೆಯೇ?”

ಮೇಷ್ಟ್ರು ಬಗ್ಗಿ ಆ ಬೂಟುಗಳನ್ನು ನೋಡಿದರು. “ಅಳದ ಮ್ಯಾಲೆ ಆಗತೈತ್ರಿ. ನೆಲಕ್ಕ ಮರ್ಯಾದಿ ಕೊಡಬಾರ್ದು ಅಂತ ವಿಜ್ಞಾನದಾಗ ಏನಿಲ್ಲಲ್ಲ” ಎಂದು ಕೊಡೆಯ ಕೆಳಗೆ ವಾಪಸು ಹೋದರು.

ಆಮೇಲೆ ಮುಖದ ದೃಶ್ಯ ತೆಗೆದೆವು. ನರಸಿಂಹಪ್ಪನವರಿಗೆ ನಾನು ಹೇಳಿದ್ದು ಇಷ್ಟೇ: ಹೆಲ್ಮೆಟ್ಟು ತೆಗೆಯಿರಿ, ಈ ನೆಲವನ್ನು ನೋಡಿ. ನಾಟಕದವರಲ್ಲವೇ, ಕಣ್ಣರಳಿಸಿ ಎದೆಗೆ ಕೈ ಹಚ್ಚುತ್ತಾರೆ ಎಂದು ಹೆದರಿದ್ದೆ. ಅವರು ಏನೂ ಮಾಡಲಿಲ್ಲ. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಬೆವರಿದ ಮುಖದಿಂದ, ಈ ವರ್ಷ ಇಲ್ಲಿ ಏನು ಬೆಳೆಯಬಹುದು ಎಂದು ಲೆಕ್ಕ ಹಾಕುವವರ ಹಾಗೆ ದೂರಕ್ಕೆ ನೋಡಿದರು. ಆಮೇಲೆ ಮೂಗರಳಿಸಿ ಗಾಳಿಯನ್ನು ಒಮ್ಮೆ ಒಳಕ್ಕೆಳೆದುಕೊಂಡರು. ಒಂಬತ್ತು ಸೆಕೆಂಡು. ಮಸ್ತಾನ್ ಕ್ಯಾಮೆರಾದಿಂದ ಕಣ್ಣು ತೆಗೆದು, “ಅಕ್ಕಾ, ಬಂತು” ಎಂದ.  ನಾನು ತೆಗೆದ ಎಲ್ಲ ಗ್ರಹಗಳಲ್ಲಿ ನಿಜವಾಗಿ ಯಾರಾದರೂ ಇಳಿದದ್ದು ಆ ಒಂದಕ್ಕೆ ಮಾತ್ರ ಎಂದು ಈಗಲೂ ಅನ್ನಿಸುತ್ತದೆ.

ಬೆಂಗಳೂರಿಗೆ ಹೋಗಿ ಕಂತನ್ನು ಕೂಡಿಸಿ, ಮುಖ್ಯಸ್ಥರಿಗೆ ತೋರಿಸಿದೆ. ಸದ್ದು ಬಂದ್ ಮಾಡಿ ನೋಡಿದರು. ಬರಿಗಾಲು ಬಂದಾಗ ಮುಂದಕ್ಕೆ ಬಾಗಿದರು. ಮುಖ ಬಂದಾಗ ಹಿಂದಕ್ಕೆ ಒರಗಿದರು.

“ಯಾರು ಇದು?”

ಹೇಳಿದೆ.

“ಗಿರಿಜಾ, ಇಪ್ಪತ್ತಾರು ಕಂತು ಜನ ಒಬ್ಬನ ಮುಖ ನೋಡಿದ್ದಾರೆ. ಹೆಲ್ಮೆಟ್ಟಿಂದ ಇನ್ನೊಬ್ಬ ಬಂದರೆ ಏನಂದುಕೊಳ್ಳುತ್ತಾರೆ? ಹೀರೋನನ್ನು ಸ್ಟುಡಿಯೋದಲ್ಲಿ ಕರೆಸಿ ಕ್ಲೋಸಪ್ ತೆಗಿ. ಮತ್ತೆ ಈ ಕಾಲೂ ಹೀರೋದಲ್ಲ, ಅದನ್ನೂ ತೆಗೀಬೇಕು.”

ನಾನು ವಾದ ಮಾಡಿದೆ. ಒಂದು ಗಂಟೆ ಮಾಡಿದೆ. ಕೊನೆಗೆ ಅವರು ಕೈ ಎತ್ತಿದರು. “ಆಯ್ತು. ಎರಡರಲ್ಲಿ ಒಂದು ಇಟ್ಟುಕೋ. ಕಾಲು ಬೇಕಾ, ಮುಖ ಬೇಕಾ?”

ಯೋಚಿಸಲು ಸಮಯ ಬೇಕು ಎನ್ನಬಹುದಿತ್ತು. ನಾನು ಅನ್ನಲಿಲ್ಲ. “ಕಾಲು” ಎಂದೆ, ತಕ್ಷಣ.

ಯಾಕೆಂದು ಈಗ ನೇರವಾಗಿ ಬರೆಯುತ್ತೇನೆ. ಕಥೆಗೆ ಹೀರೋನ ಮುಖವೇ ಸರಿ ಎಂಬುದು ನಿಜ, ಆದರೆ ನಾನು ಆರಿಸಿದ್ದು ಅದಕ್ಕಲ್ಲ. ಆ ಬರಿಗಾಲು ನನ್ನ ಹೆಸರಿಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಎಂಥ ಕಲ್ಪನೆ, ಎಂಥ ನಿರ್ದೇಶಕಿ ಎನ್ನುತ್ತಾರೆ ಎಂದು ಗೊತ್ತಿತ್ತು. ಮುಖ ಮಾತ್ರ ನರಸಿಂಹಪ್ಪನವರದ್ದಾಗಿಯೇ ಉಳಿಯುತ್ತಿತ್ತು. ಹಾಗೆಯೇ ಆಯಿತು. ಮಕ್ಕಳು ಕಾಗದ ಬರೆದರು, ಪತ್ರಿಕೆಯವರು ಕೇಳಿದರು, ನಾನು ಮುಗುಳ್ನಕ್ಕೆ. ಕೊನೆಯ ಕಂತು ಬರುವ ಭಾನುವಾರ ಬೆಳಗ್ಗೆ ಅಗಳಿಗೆ ಒಂದು ಫೋನು ಮಾಡಿ, ಹೀಗಾಗಿದೆ, ಎದುರುನೋಡಬೇಡಿ ಎಂದು ಹೇಳುವ ಧೈರ್ಯವೂ ಆಗಲಿಲ್ಲ. ನನ್ನ ವೃತ್ತಿಯಲ್ಲಿ ಹಲಗೆ ಮುರಿದಿದೆ, ನೌಕೆಗೆ ಬೆಂಕಿ ಬಿದ್ದಿದೆ, ಒಮ್ಮೆ ಚಂದ್ರನ ಮೇಲೆ ಮೇಕೆ ಬಂದು ನಿಂತಿದೆ. ಇದರಷ್ಟು ನಾಚಿಕೆ ಯಾವುದಕ್ಕೂ ಆಗಿಲ್ಲ.

ಆ ಒಂಬತ್ತು ಸೆಕೆಂಡನ್ನು ಅಳಿಸಲು ಮಾತ್ರ ಮನಸ್ಸು ಬರಲಿಲ್ಲ. ನನ್ನ ಡಿಸ್ಕಿನಲ್ಲಿ ಉಳಿಸಿಕೊಂಡೆ. ಆಮೇಲೆ ವಾಹಿನಿ ಮುಚ್ಚಿತು. ಕಂತುಗಳು ಎಲ್ಲಿ ಹೋದವೋ, ಫೋನಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾನು ನಿವೃತ್ತಳಾಗಿ ಊರಿಗೆ ಬಂದೆ. ಹುಡುಗಿಯರು ಬಂದು ಹೋದ ಮಾರನೆಯ ದಿನ ಡಿಸ್ಕು ಹುಡುಕಿ ತೆಗೆದು, ಆ ತುಣುಕನ್ನು ಫೋನಿಗೆ ಹಾಕಿಸಿಕೊಂಡು, ಬಸ್ಸು ಹತ್ತಿದೆ. ರಾಯದುರ್ಗದಿಂದ ಮಡಕಶಿರಾ, ಅಲ್ಲಿಂದ ಅಗಳಿಗೆ ಆಟೋ. ಕಿಟಕಿಯಾಚೆ ನನ್ನ ಗ್ರಹಗಳು ಒಂದೊಂದಾಗಿ ಹಿಂದೆ ಸರಿದವು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ: ನಾನು ಮಾತಿಗೆ ತಪ್ಪಿದೆ, ನಿಮ್ಮ ಮುಖ ಬರಲೇ ಇಲ್ಲ, ಕ್ಷಮಿಸಿ.

ಬಾಗಿಲು ತೆಗೆದವರು ಲಕ್ಕಮ್ಮ. ಮೊದಲ ಸಲ ನೋಡಿದ್ದು, ಆದರೂ ಗುರುತು ಸಿಕ್ಕಿತು. ಬಾಲ ನೋಡಿ ಗಂಡನನ್ನು ಗುರುತಿಸುವವರ ಕಣ್ಣು ಹಾಗೆಯೇ ಇರಬೇಕು, ಚುರುಕು, ಒಂಚೂರು ತುಂಟ. ನಾನು ಯಾರೆಂದು ಹೇಳಿದೆ. ನರಸಿಂಹಪ್ಪ ಹಿತ್ತಲಲ್ಲಿ ಎಮ್ಮೆಗೆ ನೀರಿಡುತ್ತಿದ್ದರು. ನಾನು ನಿಂತಲ್ಲೇ ಬಾಯಿಪಾಠ ಶುರುಮಾಡಿದೆ.

“ಲಕ್ಕಮ್ಮನವರೇ, ಅವತ್ತು ಟೀವಿಯಲ್ಲಿ ನಿಮ್ಮವರ ಮುಖ...”

ಅವರು ಥಟ್ಟನೆ ನನ್ನ ಮುಂಗೈ ಹಿಡಿದುಕೊಂಡರು. ಹಿತ್ತಲ ಕಡೆ ನೋಡಿ, ದನಿ ತಗ್ಗಿಸಿದರು.

“ಬರ್ಲಿಲ್ಲ. ಗೊತ್ತು ಕಣಮ್ಮ. ಅವತ್ತು ಇವ್ರು ನಾಟ್ಕ ಮುಗಿಸ್ಕಂಡು ರತ್ನಗಿರಿಯಿಂದ ಇನ್ನೂ ಬಂದಿರ್ಲಿಲ್ಲ. ಇಲ್ಲಿ ಕರೆಂಟಿಲ್ಲ ಅಂತ ನಾನು ಮಡಕಶಿರಕ್ಕೆ ನಮ್ಮಕ್ಕನ ಮನೆಗೋಗಿ ನೋಡ್ದೆ. ಕಾಲು ಬಂದ್ವು. ನೋಡ್ತಿದ್ದಂಗೇ ನಮ್ಮಕ್ಕನಿಗಂದೆ, ಆ ಸೊಟ್ಟ ಕಿರುಬೆಳ್ಳು ನೋಡಕ್ಕ, ನನ್ ಗಂಡ ಅಂತ. ಆಮೇಲೆ ಟೋಪಿ ತೆಗುದ್ರೆ ಯಾರೋ ದಪ್ಪನೆಯೋನು!” ಒಂದು ಗಳಿಗೆ ನಕ್ಕರು. ಆಮೇಲೆ ನನ್ನ ಕೈ ಇನ್ನೂ ಬಿಗಿಯಾಗಿ ಹಿಡಿದರು. “ಮಧ್ಯಾಹ್ನ ಇವ್ರು ಬಂದ್ರು. ಬಂದೋರು ನೀರೂ ಕುಡೀಲಿಲ್ಲ, ‘ಕಾಣ್ತಾ ಲೇ ಮುಖ?’ ಅಂದ್ರು. ಏನಂತ ಹೇಳ್ಲಿ? ‘ಕಾಣ್ತು, ಚೆಂದಾಗಿ ಕಾಣ್ತು’ ಅಂದ್ಬುಟ್ಟೆ. ಹನ್ನೆಡ್ ವರ್ಸದಿಂದ ಊರಿಗೆಲ್ಲ ಅಂಗೇ ಹೇಳ್ಕಂಡು ತಿರುಗ್ತವ್ರೆ. ಈಗ ನೀನು ಬಂದು ಕೆಡಿಸ್ಬ್ಯಾಡ ತಾಯಿ.”

ನಾನು ಏನಾದರೂ ಹೇಳುವ ಮುಂಚೆ ನರಸಿಂಹಪ್ಪ ಒಳಗೆ ಬಂದರು. ಎಪ್ಪತ್ತು ವರ್ಷ, ಅದೇ ಮೂವತ್ತೆರಡು ಸೊಂಟ. ನನ್ನನ್ನು ನೋಡಿ ಎರಡೂ ಕೈ ಎತ್ತಿ ಮುಗಿದರು.

“ಮೇಡಮ್ಮೋರೇ! ನೋಡೇ, ಇವ್ರೇ ನನ್ ಮುಖ ತೋರ್ಸಿದ ಪುಣ್ಯಾತ್ಗಿತ್ತಿ. ಕೂತ್ಕಳ್ಳಿ, ಕೂತ್ಕಳ್ಳಿ. ನಾನೊಬ್ನೇ ನೋಡ್ನಿಲ್ಲ ಅದ್ನ. ಇವ್ಳು ನೋಡುದ್ಲು. ಚೆಂದಾಗಿತ್ತಂತೆ?”

ಲಕ್ಕಮ್ಮ ಕಂಬಕ್ಕೊರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ತುಂಟತನ ಇರಲಿಲ್ಲ, ಭಯ ಇತ್ತು. ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು. ಚೀಲದಿಂದ ಫೋನು ತೆಗೆದೆ.

“ಅದನ್ನೇ ತಂದಿದ್ದೇನೆ ನರಸಿಂಹಪ್ಪನವರೇ. ಅವತ್ತು ಟೀವಿಯಲ್ಲಿ ಬಂದದ್ದು ಇದೇ” ಎಂದೆ. ಕ್ಯಾಮೆರಾಕ್ಕೆ ಸೆರಗು ತೋರಿಸಿ ಇದೇ ಬಿಳಿ ಎಂದು ಅಷ್ಟು ವರ್ಷ ಸುಳ್ಳು ಹೇಳಿದವಳು ನಾನು. ಈ ಸುಳ್ಳಿಗೆ ನಾಲಿಗೆ ತಡೆಯಲಿಲ್ಲ.

ಕಿತ್ತಳೆ ಬಣ್ಣದ ಆಕಾಶ. ಬೆಳ್ಳಿಯ ಉಡುಪು. ಕೈಗಳು ಹೆಲ್ಮೆಟ್ಟನ್ನು ಎತ್ತಿದವು. ಮುಖ ಬಂತು.

“ಎಷ್ಟು ಕಪ್ಪಗಿದೀನಲ್ಲಮ್ಮ” ಎಂದು ನರಸಿಂಹಪ್ಪ ನಕ್ಕರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. “ಲೇ, ಇದೇ ಅಲ್ವೇನೆ ಅವತ್ತು ನೀನು ನೋಡಿದ್ದು?”

ಲಕ್ಕಮ್ಮ ಹತ್ತಿರ ಬಂದರು. ಫೋನಿನಲ್ಲಿ ಏನಿದೆ ಎಂದು ಅವರಿಗೆ ನಾನು ಹೇಳಿರಲಿಲ್ಲ, ಹೇಳಲು ಸಮಯವೇ ಆಗಿರಲಿಲ್ಲ. ಬಗ್ಗಿ ನೋಡಿದರು. ಉಸಿರು ನಿಂತದ್ದು ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು.

“ಊಂ” ಎಂದರು, ದನಿ ಒಂಚೂರೂ ಅಲುಗಾಡದೆ. “ಇದೇಯ. ಅವತ್ತು ನೋಡಿದ್ದು ಇದೇಯ.” ಇನ್ನೂ ಹತ್ತಿರಕ್ಕೆ ಬಗ್ಗಿ, “ನಮ್ಮಕ್ಕನ ಮನೆ ಟೀವಿ ಸಣ್ಣದಿತ್ತಮ್ಮ. ಇನ್ನೊಂದ್ಸಲ ಹಾಕ್ತೀಯಾ?”

ಹಾಕಿದೆ. ಮತ್ತೆ ಹಾಕಿದೆ. ನರಸಿಂಹಪ್ಪ ಎರಡು ಸಲ ನೋಡಿ, ನನಗೆ ಕಡಲೆಕಾಯಿ ಹುರಿಯಲು ಎದ್ದು ಒಳಗೆ ಹೋದರು. ಲಕ್ಕಮ್ಮ ಮಾತ್ರ ಅಲುಗಾಡಲಿಲ್ಲ. ನಾಲ್ಕನೆಯ ಸಲವೋ ಐದನೆಯ ಸಲವೋ ಹೆಲ್ಮೆಟ್ಟು ಮೇಲೆದ್ದಾಗ ಕೈ ಚಾಚಿ, ಆ ಬೆವರಿದ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದರು. ಮುಟ್ಟಿದ ತಕ್ಷಣ ಚಿತ್ರ ಹಾಗೇ ನಿಂತಿತು. ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

“ಅಯ್ಯೋ, ನಿಂತೋಯ್ತಲ್ಲಮ್ಮ.”

“ನಿಲ್ಲಲಿ ಬಿಡಿ ಲಕ್ಕಮ್ಮ” ಎಂದೆ.